ತಂಗಿಯ ಪಾರ್ಲರ್ ಚೀಲ

ನನ್ನ ತಂಗಿಯ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯ ಮಾತೇ ಹೇಳುತ್ತಾರೆ. ಅದಕ್ಕೇ ನಾನು ಹೇಳಲು ಕೂತಿದ್ದೇನೆ. ಉಳಿದದ್ದನ್ನು ಒಬ್ಬರಾದರೂ ಹೇಳಬೇಕಲ್ಲ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಹೌದು, ಹೊಟ್ಟೆಕಿಚ್ಚೇ.

ಅವಳದು ಬ್ಯೂಟಿ ಪಾರ್ಲರ್. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಮಹಡಿ. ಎರಡು ತಿರುಗುವ ಕುರ್ಚಿ, ಗೋಡೆ ತುಂಬಾ ಕನ್ನಡಿ. ಮೊದಲ ಸಲ ಬಂದವರೂ ಎದ್ದು ಹೋಗುವಾಗ ಅವಳನ್ನು ಅಕ್ಕ ಅನ್ನುತ್ತಾರೆ. ಅಕ್ಕ ನಾನು!

ಅಪ್ಪನ ಜೊತೆ ಜೇನು ಸಾಕಿದವಳೂ ನಾನೇ. ಮನೆಯ ಹಿಂದಿನ ಗೋಡೆಗುಂಟ ನಿಂತ ಪೆಟ್ಟಿಗೆಗಳನ್ನು ಎತ್ತಿ, ಇಳಿಸಿ, ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿಟ್ಟು ನನ್ನ ಸೊಂಟ ಬಿದ್ದುಹೋಗಿದೆ. ಅವಳು ಬರುವುದು ಪಾರ್ಲರಿಗೆ ರಜೆ ಇದ್ದಾಗ ಮಾತ್ರ, ಅದೂ ಆ ಚೀಲವನ್ನು ಹೆಗಲಿಗೇರಿಸಿಕೊಂಡು.

ಚೀಲದಲ್ಲಿ ಏನುಂಟು, ಏನಿಲ್ಲ! ನಾನು ಹೊಗೆಡಬ್ಬಿ ಒತ್ತಿ ಕಣ್ಣು ಉರಿಸಿಕೊಳ್ಳುತ್ತಿದ್ದರೆ, ಅವಳು ಕೂದಲಿಗೆ ನೀರು ಹೊಡೆಯುವ ಬಾಟಲಿ ತೆಗೆದು ಹುಳುಗಳ ಮೇಲೆ ಪುಸ್ ಪುಸ್ ಅನ್ನಿಸುತ್ತಾಳೆ. ರೆಕ್ಕೆ ಒದ್ದೆಯಾಗಿ ಅವು ಹಾರದೆ ಸುಮ್ಮನೆ ಕೂರುತ್ತವೆ. ಗಿರಾಕಿಗಳ ಕತ್ತಿನಿಂದ ಕೂದಲು ಕೊಡವುವ ಮೆತ್ತನೆಯ ಬ್ರಷ್ಷಿನಿಂದ ಅವನ್ನು ಪಕ್ಕಕ್ಕೆ ಸರಿಸುತ್ತಾಳೆ. ಜೇನು ತುಂಬಿದ ಎರಿಯ ಮೇಲಿನ ಮೇಣ ಕೀಳಲು ಹಿಡಿ ಇರುವ ಬಾಚಣಿಗೆ. ರಾಣಿಯನ್ನು ಹಿಡಿಯಲು ಹಲ್ಲುಹಲ್ಲಿನ ದೊಡ್ಡ ಹೇರ್ ಕ್ಲಿಪ್. ಸಾಲದ್ದಕ್ಕೆ ರಾಣಿಯ ಬೆನ್ನಿಗೆ ಗುರುತು ಅಂತ ನೇಲ್ ಪಾಲಿಶ್ ಬೇರೆ!

"ನೋಡೇ, ಎಷ್ಟು ಸಲೀಸಾಗಿ ಮಾಡ್ತಾಳೆ!" ಅಂದರು ಅಪ್ಪ ಒಂದು ದಿನ.

"ಮತ್ತೆ ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

"ನಿನಗೆ ಈಗ ಯಾರು ಏನಂದ್ರು?"

ಯಾರೂ ಏನೂ ಅನ್ನಲಿಲ್ಲ. ನನ್ನ ಸಂಕಟವೇ ಅದು.

ಅಪ್ಪನ ಮೊದಲ ಪೆಟ್ಟಿಗೆಯೊಂದಿದೆ. ಅಮ್ಮ ಮದುವೆಯಾಗಿ ಬಂದ ವರ್ಷ ಹಿಡಿದು ತಂದ ಜೇನು. ರಾಣಿಯರು ಎಷ್ಟೋ ಬದಲಾದರೂ ಸಂತತಿ ಅದೇ. ಈ ಪೆಟ್ಟಿಗೆಯ ರಾಣಿಗೆ ಮಾತ್ರ ಬಣ್ಣ ಹಚ್ಚಲು ಅಪ್ಪ ಬಿಟ್ಟಿಲ್ಲ. ಅಮ್ಮ ಹೋದ ಮೇಲೆ ಅವರು ಅದರ ಪಕ್ಕದಲ್ಲಿ ಕೂತು ಮಾತಾಡುವುದನ್ನು ನಾನು ಕೇಳಿದ್ದೇನೆ. ಈಗ ಅವರ ಕೈ ನಡುಗುತ್ತದೆ, ಪೆಟ್ಟಿಗೆಯ ಅಡಿಹಲಗೆ ಗೆದ್ದಲು ಹಿಡಿದಿದೆ. ಅದು ನನಗೇ ಬರುತ್ತದೆ ಅಂತ ನಾನು ನಂಬಿ ಕೂತಿದ್ದೆ. ಇನ್ಯಾರಿಗೆ ಬರಬೇಕು?

ಕಳೆದ ವಾರ ಅಪ್ಪ ಇಬ್ಬರನ್ನೂ ಕರೆದರು. "ಇಬ್ರೂ ಸೇರಿ ಹೊಸ ಪೆಟ್ಟಿಗೆಗೆ ಬದಲಾಯಿಸಿ. ರಾಣಿ ಯಾರಿಗೆ ಸಿಗುತ್ತೋ, ಪೆಟ್ಟಿಗೆ ಅವರದ್ದು" ಎಂದು ಹೇಳಿ ಅಡುಗೆಮನೆಯ ಬಾಗಿಲ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿಂದ ಅವರಿಗೆ ನಮ್ಮ ಆಕಾರ ಬಿಟ್ಟು ಬೇರೇನೂ ಕಾಣದು.

ನಾನು ಬಿಳಿ ಅಂಗಿ, ಮುಖಕ್ಕೆ ಬಲೆ, ಕೈಗವಸು ಎಲ್ಲ ತೊಟ್ಟು ಯುದ್ಧಕ್ಕೆ ಹೊರಟವಳ ಹಾಗೆ ಹೋದೆ. ಅವಳು ಬಾಟಲಿ ತೆಗೆಯುವ ಮೊದಲೇ ಹೊಗೆಡಬ್ಬಿಯನ್ನು ದಬದಬ ಒತ್ತಿದೆ.

"ಅಕ್ಕಾ, ಸಾಕು ಕಣೇ. ಹೊಗೆ ಜಾಸ್ತಿ ಆದ್ರೆ ರಾಣಿ ಓಡುತ್ತೆ."

"ಪಾರ್ಲರ್‌ನಲ್ಲಿ ಹೇಳಿಕೊಟ್ರಾ?"

ಮುಚ್ಚಳ ತೆಗೆದು ಹಿಂದಿನ ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಮಾಡಿ ಮಣೆ ಹಾಕಿಕೊಂಡು ಕೂತೆ. ಮೊದಲು ಮುಚ್ಚಳದ ಒಳಮೈ ನೋಡಬೇಕು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಆದರೆ ಪಕ್ಕದಲ್ಲಿ ಅವಳು ಕೂತಿರುವಾಗ ಪಾಠ ಯಾರಿಗೆ ನೆನಪಿರುತ್ತದೆ? ಎರಿ ಕಟ್ಟಿದ ಚೌಕಟ್ಟುಗಳನ್ನು ಒಂದೊಂದೇ ಎತ್ತಿ, ಎರಡೂ ಬದಿ ಹುಡುಕಿ, ಹೊಸ ಪೆಟ್ಟಿಗೆಗೆ ಇಳಿಸಿದೆವು. ಮೊಟ್ಟೆಯಿದೆ, ಮರಿಯಿದೆ, ರಾಣಿಯೇ ಇಲ್ಲ. ಹಳೆಯ ಪೆಟ್ಟಿಗೆ ಖಾಲಿಯಾಯಿತು. ಕಾಲಡಿ ಸಿಕ್ಕಿ ಸತ್ತಿದ್ದರೆ ಅಪ್ಪನಿಗೆ ಏನು ಹೇಳಲಿ?

ಅಷ್ಟರಲ್ಲಿ ತಂಗಿ ನನ್ನ ಬೆನ್ನ ಹಿಂದೆ ಬಂದು ನಿಂತಳು.

"ಅಕ್ಕಾ, ಅಲ್ಲಾಡಬೇಡ. ನಿನ್ನ ಮೇಲೇ ಇದೆ."

"ಸುಮ್ನೆ ಆಟ ಆಡಿಸಬೇಡ."

ಅವಳು ಚೀಲದಿಂದ ಎರಡು ಕನ್ನಡಿ ತೆಗೆದಳು. ಚಿಕ್ಕದನ್ನು ನನ್ನ ಕೈಗೆ ಕೊಟ್ಟು, ದೊಡ್ಡದನ್ನು ನನ್ನ ಹಿಂದೆ ಹಿಡಿದಳು. ಕೂದಲು ಕತ್ತರಿಸಿದ ಮೇಲೆ ಗಿರಾಕಿಗಳಿಗೆ ಹಿಂಭಾಗ ತೋರಿಸುವುದು ಹೀಗೆಯೇ. ಬಲೆಯ ಮೂಲಕ ಕಣ್ಣು ಕಿರಿದು ಮಾಡಿ ನೋಡಿದೆ. ನನ್ನ ಬೆನ್ನ ನಡುವೆ ಹುಳುಗಳ ಗುಂಪು, ಅದರ ನಡುವೆ ಉದ್ದ ಹೊಟ್ಟೆಯ ರಾಣಿ! ನಾನು ನೋಡದೆ ಬಿಟ್ಟ ಮುಚ್ಚಳದಿಂದ ಇಳಿದು ನನ್ನ ಬೆನ್ನಿಗೆ ಹತ್ತಿತ್ತು.

ಅವಳು ಸದ್ದಿಲ್ಲದೆ ಹಿಡಿದು "ಅಪ್ಪಾ, ನನಗೆ ಸಿಕ್ತು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಹಾಗೇ ಮಾಡುತ್ತಿದ್ದೆ. ಅವಳು ಕ್ಲಿಪ್ಪಿನೊಳಗೆ ರಾಣಿಯನ್ನು ಸೇರಿಸಿ ಅದನ್ನು ನನ್ನ ಅಂಗೈಯಲ್ಲಿಟ್ಟಳು.

"ಸಿಕ್ತೇನ್ರೇ?" ಅಪ್ಪ ಕೂಗಿದರು.

"ಅಕ್ಕನಿಗೆ ಸಿಕ್ತು!"

ಅಯ್ಯೋ, ನನ್ನ ಮೈಯೆಲ್ಲ ಉರಿದುಹೋಯಿತು! ಕಸಿದುಕೊಂಡಿದ್ದರೆ ಜನ್ಮಪೂರ್ತಿ ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದೆ. ಅದನ್ನೂ ಅವಳು ಉಳಿಸಲಿಲ್ಲ. ಬೇಡ ಅನ್ನೋಣವೆಂದರೆ ಪೆಟ್ಟಿಗೆ ಬಿಡಲು ಮನಸ್ಸಿಲ್ಲ. ಬಾಯಿ ಮುಚ್ಚಿಕೊಂಡು ರಾಣಿಯನ್ನು ಹೊಸ ಪೆಟ್ಟಿಗೆಗೆ ಬಿಟ್ಟೆ. ಅಪ್ಪ ನಿಧಾನವಾಗಿ ಎದ್ದು ಬಂದು ಬಲೆಯ ಮೇಲಿಂದಲೇ ನನ್ನ ತಲೆ ಸವರಿದರು. ಅವಳು ಬ್ರಷ್ಷು, ಬಾಟಲಿ ಚೀಲಕ್ಕೆ ತುಂಬಿಕೊಂಡು ಹೊರಟಳು.

ಈಗ ಪೆಟ್ಟಿಗೆ ನನ್ನದು. ಆದರೆ ಅದನ್ನು ತೆರೆದಾಗಲೆಲ್ಲ ಬೆನ್ನ ಮೇಲೆ ಏನೋ ಹರಿದಂತಾಗುತ್ತದೆ. ನನ್ನ ಬೆನ್ನು ನನಗೆ ಕಾಣುವುದಿಲ್ಲ, ಹಿಂದೆ ಕನ್ನಡಿ ಹಿಡಿಯಲು ಇನ್ನೊಬ್ಬರು ಬೇಕು. ನಿನ್ನೆ ಅವಳಿಗೆ ಫೋನ್ ಮಾಡಿದೆ.

"ರಜೆ ದಿನ ಬರ್ತೀಯೇನೇ? ಪೆಟ್ಟಿಗೆ ನೋಡ್ಬೇಕು."

"ಬರ್ತೀನಕ್ಕ. ಕನ್ನಡಿ ತರ್ಲಾ?"

"ನೀನು ಬಂದ್ರೆ ಸಾಕು" ಅಂದೆ.

ಕನ್ನಡಿ ಕೊಂಡಿಟ್ಟಿದ್ದೇನೆ. ಅವಳದಕ್ಕಿಂತ ದೊಡ್ಡದು.