ಕೆರೆ ಮೇಸ್ತ್ರಿಯ ಬಾಟಲಿಗಳು

ಮಳೆಗಾಲ ಬಂತೆಂದರೆ ಮೂಡಿಗೆರೆಯ ನಮ್ಮ ಕಚೇರಿಯಲ್ಲಿ, ನನ್ನ ಮೇಜಿನ ಪಕ್ಕದ ಕಿಟಕಿಯ ಮೇಲೆ, ಏಳೆಂಟು ಬಾಟಲಿಗಳು ಸಾಲಾಗಿ ಕೂತಿರುತ್ತಿದ್ದವು. ಚಳಿಜ್ವರಕ್ಕೆ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಕ್ವಿನೈನಿನ ಖಾಲಿ ಬಾಟಲಿಗಳು. ಒಳಗಿದ್ದದ್ದು ಔಷಧವಲ್ಲ, ಬರೀ ನೀರು. ಬಾಯಿಗೆ ಬಾಳೆಲೆಯ ಬಿರಡೆ, ಕುತ್ತಿಗೆಗೆ ಬಾಳೆಯ ನಾರು. ಅವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಫೈಲು ಇಡಲು ಜಾಗವಿಲ್ಲ, ಈ ನೀರಿಗೆ ಜಾಗ! ಬಂದವರೆಲ್ಲ "ಏನ್ ಗುಮಾಸ್ತ್ರೇ, ನಾಟಿ ಔಷಧಿ ಶುರು ಮಾಡಿದ್ರಾ?" ಎಂದು ಹಲ್ಲು ಬಿಡುತ್ತಿದ್ದರು.

ಆ ಬಾಟಲಿಗಳನ್ನು ತಂದಿಡುತ್ತಿದ್ದವರು ನಮ್ಮ ಕೆರೆ ಮೇಸ್ತ್ರಿ. ಇದು ಸ್ವಾತಂತ್ರ್ಯ ಬರುವುದಕ್ಕೆ ಬಹಳ ಮುಂಚಿನ ಮಾತು. ಕಾಫಿಯ ಬೆಲೆ ಬಿದ್ದು, ಎಸ್ಟೇಟಿನ ದೊರೆಗಳು ಕೂಡ ಮುಖ ಜೋಲುಹಾಕಿಕೊಂಡು ಓಡಾಡುತ್ತಿದ್ದ ವರ್ಷಗಳು. ನಮ್ಮದು ಮಹಾರಾಜರ ಸರ್ಕಾರದ ಒಂದು ಪುಟ್ಟ ಕಚೇರಿ. ಆ ಸೀಮೆಯ ಕೆರೆಗಳ ಏರಿ ಗಟ್ಟಿಯಾಗಿದೆಯೇ, ತೂಬು ಸರಿಯಾಗಿದೆಯೇ, ಹೆಚ್ಚಿನ ನೀರು ಹರಿದು ಹೋಗುವ ಕೋಡಿ ಕಟ್ಟಿಕೊಂಡಿದೆಯೇ ಎಂದು ನೋಡಿಸುವುದು ನಮ್ಮ ಕೆಲಸ. ಅದಕ್ಕೆ ಮೂವರು ಮೇಸ್ತ್ರಿಗಳು, ಕಾಗದಪತ್ರಕ್ಕೆ ನಾನು, ನಮ್ಮೆಲ್ಲರ ತಲೆಯ ಮೇಲೆ ಚಿಕ್ಕಮಗಳೂರಿನಲ್ಲಿ ಕೂತ ಇಂಜಿನಿಯರ್ ಸಾಹೇಬರು. ಮೂವರಲ್ಲಿ ಹಿರಿಯರೇ ಈ ಬಾಟಲಿಯ ಮೇಸ್ತ್ರಿ. ಬಾಳೂರಿನ ಕಡೆಯ ಕೆರೆಗಳು ಅವರ ಪಾಲಿಗಿದ್ದವು.

ಒಂದು ಸಲ, ಒಂದೇ ಒಂದು ಸಲ, ಮಳೆಯಲ್ಲಿ ಅವರ ಜೊತೆ ಕೆರೆ ನೋಡಲು ಹೋದೆ. ಕಾಫಿ ತೋಟಗಳ ನಡುವೆ, ಅಲ್ಲಿಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಕೆರೆ. ಏರಿಯ ಕೆಳಗೆ ಐದು ಮನೆ, ಒಂದಿಷ್ಟು ಗದ್ದೆ. ಐದರಲ್ಲಿ ಒಂದು ಮನೆ ಮೇಸ್ತ್ರಿಯದೇ. ನಾನು ಕಡೂರಿನ ಬಯಲಲ್ಲಿ ಬೆಳೆದವನು. ಕಾಲಿಗೆ ಇಂಬಳ ಹತ್ತಿದ್ದನ್ನು ಕಂಡು ದೇವರು ಬಂದವನ ಹಾಗೆ ಕುಣಿದುಬಿಟ್ಟೆ. ಮೇಸ್ತ್ರಿ ನಗುತ್ತ ಸುಣ್ಣ ಹಚ್ಚಿದರು. "ಅದಕ್ಕೂ ಹೊಟ್ಟೆ ಇದೆಯಲ್ಲ ಮಾರಾಯ್ರೆ. ಗುಮಾಸ್ತ್ರ ರಕ್ತ ಅದಕ್ಕೆ ದಿನಾ ಎಲ್ಲಿ ಸಿಗ್ತದೆ?"

ಏರಿಯ ಹಿಂಬದಿಯ ಬುಡದಲ್ಲಿ ಸಣ್ಣಗೆ ನೀರು ಜಿನುಗುತ್ತಿತ್ತು. ಅಲ್ಲಿ ಅವರು ಬಿದಿರಿನಂಥ ವಾಟೆಯ ಒಂದು ಕೊಳವೆ ಚುಚ್ಚಿದ್ದರು. ಮಳೆಯ ನೀರು ಅದಕ್ಕೆ ಸೇರಬಾರದೆಂದು, ತಾವು ತಲೆಯ ಮೇಲಿಂದ ಹೊದ್ದಿದ್ದ ಎಲೆಯ ಗೊರಬನ್ನೇ ತೆಗೆದು ಕೊಳವೆಗೆ ಕವಿಚಿದರು. ಆಮೇಲೆ ಆ ಜಡಿಮಳೆಯಲ್ಲಿ ತಾವು ನೆನೆಯುತ್ತ ಕುಕ್ಕುರುಗಾಲಲ್ಲಿ ಕೂತು, ಹನಿಹನಿಯಾಗಿ ಬಾಟಲಿ ತುಂಬಿಸಿದರು. ನನಗೆ ತಲೆ ಕೆಟ್ಟುಹೋಯಿತು.

"ಇದೆಲ್ಲ ಎಂಥದು ಮೇಸ್ತ್ರಿ? ಏರಿ ಸೋರ್ತಿದೆ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ಕೊಳಲ್ವಾ?"

"ಸೋರೂದು ಎಲ್ಲಾ ಏರಿನೂ ಸೋರ್ತದೆ ಮಾರಾಯ್ರೆ. ನೀರು ತಿಳಿಯಾಗಿದ್ರೆ ಹೆದ್ರಿಕೆ ಇಲ್ಲ, ಏರಿ ಬೆವರ್ತಾ ಇದೆ ಅಷ್ಟೇ. ಕೆಂಪಾಗಿ ಬಂತು ಅಂದ್ರೆ ಒಳಗಿನ ಮಣ್ಣು ಹೊರಗೆ ಬರ್ತಾ ಇದೆ ಅಂತ. ಹೊರಗಿಂದ ನೋಡೋಕೆ ಏರಿ ಹಾಗೇ ಇರ್ತದೆ, ಹೊಟ್ಟೆ ಒಳಗೆ ಪೊಳ್ಳಾಗ್ತದೆ. ಕಣ್ಣಿಗೆ ಅದು ಬೇಗ ಗೊತ್ತಾಗೂದಿಲ್ಲ. ಬಾಟ್ಲಿನ ಒಂದು ದಿನ ಅಲುಗಾಡಿಸದೆ ಇಡ್ಬೇಕು. ತಳದಲ್ಲಿ ಮಣ್ಣು ಕೂತ್ರೆ ಹೇಳ್ತದೆ." ಬಾಟಲಿಗೆ ಬಿರಡೆ ಒತ್ತುತ್ತ, ನಾಚಿಕೊಂಡವರಂತೆ ಸೇರಿಸಿದರು. "ನಂಗೆ ಬರೆಯೋಕೆ ಬರೂದಿಲ್ಲ. ಕೆರೆಗೂ ಬರೂದಿಲ್ಲ. ಅದ್ಕೇ ನೀರನ್ನೇ ತಂದು ನಿಮ್ಮ ಕಿಟಕಿಲಿ ಇಡೂದು."

ಅವತ್ತು ನನಗೆ ಈ ಮಾತು ಚೆನ್ನಾಗಿ ಅರ್ಥವಾಯಿತು. ಅರ್ಥವಾಗಿರಲಿಲ್ಲ ಎಂದು ಈಗ ಬರೆಯುವ ಹಾಗಿದ್ದರೆ ಎಷ್ಟು ಸುಖವಾಗಿರುತ್ತಿತ್ತು!

ಎರಡು ವರ್ಷ ಕಳೆದ ಮೇಲೆ ಮೇಲಿನಿಂದ ಹುಕುಂ ಬಂತು. ಖರ್ಚು ತಗ್ಗಿಸಬೇಕು, ಮೂರು ಜನ ಮೇಸ್ತ್ರಿಗಳ ಬದಲು ಒಬ್ಬರೇ ಸಾಕು, ಒಬ್ಬನೇ ಎಲ್ಲ ಕೆರೆಗಳನ್ನೂ ನೋಡುವ ಹಾಗೆ ಒಂದು ಏರ್ಪಾಡು ಬರೆದು ಕಳಿಸಿ. ಸಾಹೇಬರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಕಟ್ಟಿದರು ಎಂದರೆ ಸುಳ್ಳಾಗುತ್ತದೆ. ನಾನೇ ಹಲ್ಲು ಗಿಂಜುತ್ತ ಇಸಿದುಕೊಂಡೆ. ನನ್ನ ಅಕ್ಷರ ದುಂಡಗಿತ್ತು, ಅದರ ಮೇಲೆ ನನಗೆ ವಿಪರೀತ ಜಂಬ.

ಒಂದು ವಾರ ಕೂತು ಕೆಂಪು ಶಾಯಿ, ಕಪ್ಪು ಶಾಯಿ ಹಾಕಿ ಏರ್ಪಾಡು ತಯಾರಿಸಿದೆ. ಮಳೆಗಾಲದಲ್ಲಿ ದಾರಿ ಕೆಸರು, ಹಳ್ಳ ಉಕ್ಕುತ್ತದೆ, ಒಬ್ಬನಿಂದ ಸುತ್ತಲು ಆಗದು. ಆದ್ದರಿಂದ ಎಲ್ಲ ಕೆರೆಗಳ ತಪಾಸಣೆ ಬೇಸಿಗೆಯಲ್ಲಿ, ಸೈಕಲ್ಲಿನ ಮೇಲೆ. ತಪಾಸಣೆಯ ವರದಿ ಅಚ್ಚಾದ ಕಾಗದದಲ್ಲಿ, ಬರವಣಿಗೆಯಲ್ಲೇ ಬರಬೇಕು. ಆದ್ದರಿಂದ ಓದುಬರಹ ಬಲ್ಲ ಮೇಸ್ತ್ರಿಯನ್ನು ಮಾತ್ರ ಉಳಿಸಿಕೊಳ್ಳುವುದು. ತೂಬುಗಳ ಬೀಗದ ಕೈ ಅವರಿವರ ಬಳಿ ಇದ್ದರೆ ಕಳೆದುಹೋಗುತ್ತದೆ. ಆದ್ದರಿಂದ ಅವೆಲ್ಲ ಕಚೇರಿಯಲ್ಲಿ, ಗುಮಾಸ್ತನ ಡ್ರಾಯರಿನಲ್ಲಿ. ಸಾಹೇಬರು ಓದಿ "ಭೇಷ್" ಎಂದರು, ಎದುರಿನ ಕುರ್ಚಿ ತೋರಿಸಿ ಕೂರಿಸಿದರು. ಅದುವರೆಗೆ ಅವರ ಮುಂದೆ ನಾನು ಕೂತವನಲ್ಲ. ಆ ಕುರ್ಚಿಯ ಸುಖದಲ್ಲಿ, ಬೇಸಿಗೆಯಲ್ಲಿ ಕೆರೆಗಳಲ್ಲಿ ನೀರೇ ಇರುವುದಿಲ್ಲವಲ್ಲ ಎಂಬ ಮಾತು ಗಂಟಲಿಗೆ ಬಂದದ್ದನ್ನು ನುಂಗಿದೆ.

ಮೇಸ್ತ್ರಿಗೆ ವಿಷಯ ಹೇಳಬೇಕಾದವನೂ ನಾನೇ. ಅವರು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಸೊಂಟದಲ್ಲಿದ್ದ ತೂಬಿನ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು.

"ಬೇಸಿಗೆಲಿ ಏರಿ ನೋಡಿದ್ರೆ ಎಂತ ಕಾಣ್ತದೆ ಮಾರಾಯ್ರೆ? ಜ್ವರ ಬಿಟ್ಟ ಮೇಲೆ ಮೈ ಮುಟ್ಟಿ ನೋಡಿದ ಹಾಗೆ. ಯಾರು ಮಾಡಿದ್ದು ಈ ಏರ್ಪಾಡು?"

"ಮೇಲಿನವರು," ಎಂದೆ.

"ನಿಮ್ಮನ್ನೊಂದು ಮಾತು ಕೇಳ್ಬಾರ್ದಿತ್ತಾ ಅವ್ರು? ನಿಮ್ಗೆ ಗೊತ್ತಿತ್ತಲ್ಲ," ಎಂದರು. ನನ್ನ ಮೇಲೆ ಕನಿಕರಪಟ್ಟುಕೊಂಡೇ ಹೊರಟುಹೋದರು. ಮಾರನೆಯ ದಿನ ನಾನು ಕಿಟಕಿಯ ಬಾಟಲಿಗಳನ್ನೆಲ್ಲ ಹಿತ್ತಲಿಗೆ ಎಸೆಸಿದೆ.

ಆಮೇಲೆ ಅವರು ಒಂದು ಎಸ್ಟೇಟಿನಲ್ಲಿ ಕೂಲಿಗೆ ಹೋಗತೊಡಗಿದರೆಂದು ಕೇಳಿದೆ. ಬೇಸಿಗೆಯಲ್ಲಿ ಉಳಿದ ಮೇಸ್ತ್ರಿ ಸೈಕಲ್ಲು ತುಳಿದು ಎಲ್ಲ ಕೆರೆಗಳನ್ನೂ ನೋಡಿ ಬಂದ. ಒಣಗಿದ ಏರಿಗಳು, ಒಣಗಿದ ಬುಡಗಳು. ಎಲ್ಲ ಕಾಗದದಲ್ಲೂ "ಸೋರಿಕೆ ಇಲ್ಲ" ಎಂದು ಬರೆದಿದ್ದ. ಅವನದೇನೂ ತಪ್ಪಿರಲಿಲ್ಲ. ನಾನು ಆ ಕಾಗದಗಳನ್ನು ನೂಲು ಹಾಕಿ ಚೆಂದವಾಗಿ ಹೊಲಿದಿಟ್ಟೆ.

ಆ ವರ್ಷದ ಆಷಾಢದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಕಳಸದ ಕಡೆಯಿಂದ ಬರುವ ಟಪಾಲು ಮೋಟಾರು ಕಚೇರಿಯ ಮುಂದೆ ನಿಂತಿತು. ಅದರ ಡ್ರೈವರ್ ಒಬ್ಬರು ವಯಸ್ಸಾದ ಸಾಬರು, ಊರಿಗೆಲ್ಲ ಬೇಕಾದ ಮನುಷ್ಯ. ನೆನೆದ ಕೋಟಿನೊಳಗಿಂದ ಒಂದು ಕ್ವಿನೈನ್ ಬಾಟಲಿ ತೆಗೆದು ನನ್ನ ಕೈಯಲ್ಲಿಟ್ಟರು.

"ಮೇಸ್ತ್ರಿ ಕೊಟ್ಟಿದ್ದು ಸ್ವಾಮಿ. ಅವ್ರ ಮನೆ ಹತ್ರದ ಕೆರೇದು, ಇವತ್ತೇ ನೋಡ್ಬೇಕಂತೆ. ತೂಬು ಎತ್ತಿ ನೀರು ಇಳಿಸ್ಬೇಕಂತೆ, ಬೀಗದ ಕೈ ಕಳಿಸಿಕೊಡಿ ಅಂದ್ರು. ಅವ್ರೇ ಬರ್ತಿದ್ರು, ಏರಿ ಬಿಟ್ಟು ಬರೋ ಹಾಗಿಲ್ಲಂತೆ."

"ಆಯ್ತು ಸಾಬ್ರೆ, ನೋಡ್ತೀನಿ," ಎಂದೆ. ಅವರು ಚಿಕ್ಕಮಗಳೂರಿಗೆ ಮೋಟಾರು ಬಿಟ್ಟುಕೊಂಡು ಹೋದರು.

ಬೀಗದ ಕೈ ನನ್ನ ಡ್ರಾಯರಿನಲ್ಲೇ ಇತ್ತು. ಜವಾನನ ಕೈಗೆ ಕೊಟ್ಟು ಆಗಲೇ ಅಟ್ಟಿದ್ದರೆ ಕತ್ತಲಾಗುವುದರೊಳಗೆ ಮುಟ್ಟುತ್ತಿತ್ತು. ಆದರೆ ಮಾರನೆಯ ದಿನ ಸಾಹೇಬರು ನನ್ನ ಹೊಸ ಏರ್ಪಾಡು ಹೇಗೆ ನಡೆದಿದೆಯೆಂದು ನೋಡಲು ಬರುವವರಿದ್ದರು. ಕೆಲಸದಿಂದ ಬಿಟ್ಟವರೊಬ್ಬರ ಮಾತು ಕೇಳಿ, ಬರವಣಿಗೆಯಿಲ್ಲದೆ, ಸರ್ಕಾರಿ ತೂಬು ಎತ್ತಿಸಿದೆ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? ಸಾಹೇಬರು ಬಂದುಹೋಗಲಿ, ಆಮೇಲೆ ನೋಡೋಣ ಎಂದುಕೊಂಡೆ. ಬಾಟಲಿಯನ್ನು ಫೈಲುಗಳ ಹಿಂದೆ ತಳ್ಳಿದೆ. ಥೂ ನನ್ನ ಜನ್ಮಕ್ಕೆ.

ಸಾಹೇಬರು ಬಂದರು, ಕಿಟಕಿ ಸ್ವಚ್ಛವಾಗಿದೆ ಎಂದರು, ಊಟ ಮಾಡಿ ಹೋದರು. ಅಷ್ಟರಲ್ಲಿ ದಾರಿಗೆ ಮರ ಉರುಳಿ ಬಾಳೂರಿನ ಕಡೆಗೆ ಮೋಟಾರು ನಿಂತುಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ ಒಬ್ಬಾಳು ನಡೆದುಕೊಂಡೇ ಬಂದು ಹೇಳಿದ, ಬೆಳಿಗ್ಗೆ ಏರಿ ಒಡೆದು ಕೆರೆ ಪೂರ್ತಿ ಹೋಯಿತು.

ಮೇಸ್ತ್ರಿ ಎರಡು ದಿನ ಬೀಗದ ಕೈಗೆ ಕಾದಿದ್ದರಂತೆ. ಮೂರನೆಯ ಬೆಳಿಗ್ಗೆ ಏರಿಯ ಬುಡದಲ್ಲಿ ಕೆಂಪು ನೀರು ಭುಸುಗುಟ್ಟುವುದನ್ನು ಕಂಡು, ಉಳಿದ ನಾಲ್ಕು ಮನೆಯವರನ್ನೂ ತಮ್ಮ ಹೆಂಡತಿಯನ್ನೂ ಗುಡ್ಡ ಹತ್ತಿಸಿದರಂತೆ. ಕೊಟ್ಟಿಗೆಯ ದನಗಳನ್ನೂ ಬಿಡಲಿಲ್ಲವಂತೆ. ಎಲ್ಲರೂ ಮೇಲೆ ಸೇರಿದ ಮೇಲೆ ಹಾರೆ ಹಿಡಿದು ಏರಿಗೆ ವಾಪಸ್ಸು ಹೋದರು. ತೂಬಿನ ಬೀಗ ಒಡೆದರೆ ಗದ್ದೆಯಾದರೂ ಉಳಿದೀತು ಎಂದು. ಇಪ್ಪತ್ತು ವರ್ಷ ಸರ್ಕಾರದ ಕೆಲಸ ಮಾಡಿದವರು, ಸರ್ಕಾರದ ಬೀಗಕ್ಕೆ ಹಾರೆ ಹಾಕಲು ಮೂರನೆಯ ದಿನದವರೆಗೆ ಅವರಿಗೆ ಮನಸ್ಸು ಬಂದಿರಲಿಲ್ಲ. ನಾಲ್ಕು ಏಟು ಹಾಕಿದ್ದು ಗುಡ್ಡದ ಮೇಲಿದ್ದವರಿಗೆ ಕೇಳಿಸಿತಂತೆ. ಅಷ್ಟರಲ್ಲಿ ಏರಿ ಅವರ ಸಮೇತ ಹೋಯಿತು. ಹೆಣ ಸಿಕ್ಕಿದ್ದು ಮಾರನೆಯ ದಿನ, ಗದ್ದೆಗಳಾಚೆಯ ಹಳ್ಳದಲ್ಲಿ.

ಸಾಹೇಬರು ಮತ್ತೆ ಬಂದು ವರದಿ ಹೇಳಿದರು, ನಾನು ಬರೆದೆ. ಬೇಸಿಗೆಯ ತಪಾಸಣೆಯಲ್ಲಿ ಸೋರಿಕೆ ಕಂಡುಬಂದಿರಲಿಲ್ಲ. ಮೃತನು ಇಲಾಖೆಯ ನೌಕರನಲ್ಲ. ಸರ್ಕಾರಿ ಬೀಗವನ್ನು ಒಡೆಯುತ್ತಿದ್ದಾಗ ಸಾವು ಸಂಭವಿಸಿದೆ. ಅಕ್ಷರ ಎಂದಿನಂತೆ ದುಂಡಗೇ ಬಂತು. ಅದನ್ನು ನೆನೆದರೆ ಈಗಲೂ ಆ ಕೈಯನ್ನು ಒಲೆಗೆ ಇಡಬೇಕೆನಿಸುತ್ತದೆ.

ವರದಿ ಕಳಿಸಿದ ಮೇಲೆ ಫೈಲುಗಳ ಹಿಂದಿನಿಂದ ಬಾಟಲಿ ತೆಗೆದೆ. ಅಷ್ಟು ದಿನ ಯಾರೂ ಅಲುಗಾಡಿಸಿರಲಿಲ್ಲವಲ್ಲ. ಮೇಲೆ ನೀರು ತಿಳಿಯಾಗಿತ್ತು. ತಳದಲ್ಲಿ ಒಂದು ಬೆರಳಿನಷ್ಟು ಕೆಂಪು ಮಣ್ಣು ಕೂತಿತ್ತು. ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಅದನ್ನು ಡ್ರಾಯರಿನಲ್ಲಿ, ಬೀಗದ ಕೈ ಪಕ್ಕ ಇಟ್ಟೆ.

ಹದಿನೈದು ದಿನ ಬಿಟ್ಟು ಮೇಸ್ತ್ರಿಯ ಹೆಂಡತಿ ಬಂದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತರು. ಪರಿಹಾರ ಕೇಳಲು ಬಂದಿದ್ದಾರೆ ಎಂದುಕೊಂಡು ನಾನು ಏನೇನೋ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ ಅಯ್ಯಾ. ನಮ್ಮನೆಯವ್ರು ಕಳಿಸಿದ ಬಾಟ್ಲಿ ನಿಮ್ಗೆ ಮುಟ್ಟಿತ್ತಾ? ಮೋಟಾರಿನ ಸಾಬ್ರು ನಿಮ್ಮ ಕೈಗೇ ಕೊಟ್ಟೆ ಅಂತಾರೆ."

ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. "ಇಲ್ಲಮ್ಮ," ಎಂದೆ. "ಮುಟ್ಟಲಿಲ್ಲ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ನಂಗೆ ಗೊತ್ತಿತ್ತು. ಎರಡು ದಿನಾನೂ ಅದೇ ಹೇಳ್ತಿದ್ರು, ಗುಮಾಸ್ತ್ರಿಗೆ ಬಾಟ್ಲಿ ವಿಷಯ ಗೊತ್ತಿದೆ, ಕಂಡ್ರೆ ಸುಮ್ನೆ ಕೂರೋ ಜನ ಅಲ್ಲ ಅಂತ. ಸಾಬ್ರು ಎಲ್ಲೋ ಮರ್ತು ಈಗ ಸುಳ್ಳು ಹೇಳ್ತಿದ್ದಾರೆ. ನೀವು ಮನಸ್ಸಿಗೆ ಹಚ್ಕೋಬೇಡಿ ಅಯ್ಯಾ." ನನಗೆ ಕೈ ಮುಗಿದು ಹೋದರು.

ಅಲ್ಲಿಂದಾಚೆಗೆ ಅವರು ಆ ಮೋಟಾರು ಹತ್ತಲಿಲ್ಲ. ಮೂಡಿಗೆರೆಯ ಸಂತೆಗೆ ಬರುವುದಿದ್ದರೆ ಅಷ್ಟು ದೂರವೂ ನಡೆದೇ ಬರುತ್ತಿದ್ದರು. ಸಾಬರು ದಾರಿಯಲ್ಲಿ ಕಂಡಾಗಲೆಲ್ಲ ಮೋಟಾರು ನಿಲ್ಲಿಸಿ "ಬಾರಮ್ಮ" ಎಂದು ಕರೆದರೆ, ಮುಖ ತಿರುಗಿಸಿಕೊಂಡು ಚರಂಡಿಯ ಆಚೆಗೆ ದಾಟಿ ನಿಲ್ಲುತ್ತಿದ್ದರಂತೆ. ಮೋಟಾರಿನ ತುಂಬ ಜನ ನೋಡುತ್ತಿದ್ದರಂತೆ.

ದೀಪಾವಳಿಯ ಹೊತ್ತಿಗೆ ಸಾಬರು ಒಂದು ದಿನ ಕಚೇರಿಗೆ ಬಂದರು. ಎದೆಗೆ ಎದೆ ಕೊಟ್ಟು ಜಗಳ ಆಡುತ್ತಾರೆ, ಆಡಲಿ, ಎಂದು ನಾನು ಎದ್ದು ನಿಂತೆ. ನಿಜಕ್ಕೂ ಅದನ್ನೇ ಬಯಸಿದ್ದೆ. ಆದರೆ ಅವರು ಟೊಪ್ಪಿ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದರು.

"ಸ್ವಾಮಿ, ನಂಗೂ ವಯಸ್ಸಾಯ್ತು. ಬಾಟ್ಲಿ ನಿಮ್ಮ ಕೈಗೆ ಕೊಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ನೀವು ಇಲ್ಲ ಅಂತೀರಿ, ನೀವ್ಯಾಕೆ ಸುಳ್ಳು ಹೇಳ್ತೀರಿ? ನಾನೇ ಎಲ್ಲಾದ್ರೂ ಬೀಳಿಸಿಬಿಟ್ನಾ? ಆ ಮನುಷ್ಯನ ಜೀವ ನನ್ನಿಂದ ಹೋಯ್ತಾ?"

ಅವರ ಕಣ್ಣಲ್ಲಿ ನೀರು ತುಂಬಿತ್ತು. ಡ್ರಾಯರು ಎಳೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಬೀಗವೂ ಇರಲಿಲ್ಲ.

"ಇರಬಹುದು ಸಾಬ್ರೆ," ಎಂದೆ.