ಬಾಳೆನಾರಿನ ಅಳತೆ

ಆಗ ನನಗೆ ಇಪ್ಪತ್ತೆರಡು. ಈ ಮಾತಿಗೆ ಅರವತ್ತೈದು ವರ್ಷವಾಗಿರಬೇಕು. ಚಾಮರಾಜನಗರದ ನಮ್ಮ ಜಗಲಿಯಲ್ಲಿ ಕುಳಿತು ನನಗೇ ಒಂದು ರವಿಕೆ ಹೊಲಿಯುತ್ತಿದ್ದೆ. ಪುಣಜನೂರಿನ ಹೆಂಗಸೊಬ್ಬಳು ಎದುರಿಗೆ ಬಂದು ನಿಂತು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾಳೆನಾರು ತೆಗೆದಳು. ಅದರ ತುಂಬ ಗಂಟುಗಳು. ಅವಳ ಮೈಮೇಲೆ ರವಿಕೆ ಇರಲಿಲ್ಲ, ಬರೀ ಸೆರಗು ಹೊದ್ದಿದ್ದಳು.

“ಮಗಳ ಧಾರೆಗೆ ರವ್ಕೆ ತೊಟ್ಕೊಂಡೇ ಬರ್ಬೇಕು ಅಂದವ್ರೆ ಗುಂಡ್ಲುಪೇಟೆ ಬೀಗ್ರು. ಅಳ್ತೆಗೆ ಹಳೇ ರವ್ಕೆ ತತ್ತಾ ಅಂತಾನೆ ದರ್ಜಿ. ಹುಟ್ಟಿದಾಗ್ನಿಂದ ರವ್ಕೆನೇ ತೊಡ್ದೋಳು ಹಳೇದ ಎಲ್ಲಿಂದ ತರ್ಲಿ ಕಣಮ್ಮಿ?”

ಗಂಡಸಿನ ಕೈಲಿ ಅಳೆಸಿಕೊಳ್ಳಲು ಒಲ್ಲದೆ, ಮಗಳ ಕೈಲಿ ಅಳೆಸಿ ಗಂಟು ಹಾಕಿಸಿ ತಂದ ನಾರು ಅದು. ದರ್ಜಿ ನೋಡಿ ನಕ್ಕನಂತೆ. ನನಗೆ ಕುತೂಹಲವಾಯಿತು. ಯಾವ ಗಂಟು ತೋಳಿಗೆ, ಯಾವುದು ಎದೆಗೆ ಎಂದು ಕೇಳಿ ತಿಳಿದುಕೊಂಡೆ. ನಾನೇ ಹೊಲಿದು ಕೊಡುತ್ತೇನೆ ಅಂದೆ.

ನಾಲ್ಕು ಜನಕ್ಕೆ ಹೊಲಿದು ಸಂಪಾದಿಸುವ ಆಸೆ ನನಗೆ ಮೊದಲಿನಿಂದಲೂ ಇತ್ತು. “ದರ್ಜಿ ಬುಟ್ಟು ನಿನ್ ತಾವ ಯಾರಮ್ಮಿ ಬತ್ತರೆ?” ಎಂದು ಅತ್ತೆ ಅಣಕಿಸುತ್ತಿದ್ದರು. ಅವತ್ತು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಹೆಂಗಸು ಹೋದ ಮೇಲೆ ಆ ನಾರನ್ನು ಎತ್ತಿಕೊಂಡು ತಮ್ಮ ತೋಳಿಗೆ ಸುತ್ತಿ ನೋಡಿಕೊಂಡರು.

ದರ್ಜಿಗೆ ಕೊಡಲು ಹಳೇ ರವಿಕೆಯೇ ಇಲ್ಲದವರು ಎಷ್ಟು ಜನ ಇದ್ದಾರೆಂದು ನಾನು ಯೋಚಿಸಿಯೇ ಇರಲಿಲ್ಲ. ಮುಂದೆ ನನ್ನ ಹೊಲಿಗೆ ವ್ಯಾಪಾರ ನಡೆದದ್ದು ಅಂಥವರಿಂದಲೇ. ಅಂಥವರೊಬ್ಬರು ನಮ್ಮ ಮನೆಯಲ್ಲೇ ಇದ್ದರು. ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಹೊಸ ನಾರು ಸೀಳಿ ತಂದು, ಅತ್ತೆಗೆ ಕೈ ಎತ್ತಿ ನಿಲ್ಲಲು ಹೇಳಿದೆ.