ಗುಡುಸಾಬ ಉರಿಸಿದ ಕೆಂಪು ದೀಪ

ವಿಜಾಪುರದ ಕಡೆಯಿಂದ ಬಂದ ಗುಡುಸಾಬ ಮುಂಬಯಿಯ ಘಾಟ್ಕೋಪರಿನ ಗ್ಯಾರೇಜು ಗಲ್ಲಿಯಲ್ಲಿ ಟ್ಯಾಕ್ಸಿಗಳ ವೈರಿಂಗ್ ನೋಡುತ್ತಿದ್ದ. ಒಂದು ಬಲ್ಬು, ಅದಕ್ಕೆ ಕಟ್ಟಿದ ಎರಡು ತಂತಿ, ಇಷ್ಟೇ ಅವನ ಸಾಮಾನು. ಅದನ್ನು ಹಿಡಿದು ಕರೆಂಟು ಎಲ್ಲಿ ನಿಂತಿದೆಯೆಂದು ಹುಡುಕಿ ತೆಗೆಯುತ್ತಿದ್ದ. ಆ ಗಲ್ಲಿಗೆ ಒಂದು ಕಟ್ಟಳೆಯಿತ್ತು: ವೈರಿಂಗ್‌ನವನು ಬ್ರೇಕಿಗೆ ಕೈಹಾಕಬಾರದು, ಬ್ರೇಕಿನವನು ವೈರು ಮುಟ್ಟಬಾರದು. ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕಲ್ಲು ಹಾಕಬಾರದೆಂಬ ಮರ್ಯಾದೆ. ಸುಡಲಿ ಆ ಮರ್ಯಾದೆ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಹೆಂಡತಿ ಜೈತುನಬಿಯ ತಮ್ಮ ಅಮೀರಸಾಬ ತನ್ನ ಟ್ಯಾಕ್ಸಿ ತಂದು ನಿಲ್ಲಿಸಿದ. ಬ್ರೇಕು ತುಳಿದರೆ ಹಿಂದಿನ ಕೆಂಪು ದೀಪ ಉರಿಯುತ್ತಿಲ್ಲ, ಟ್ರಾಫಿಕ್ ಹವಾಲ್ದಾರ ಬೆನ್ನು ಬಿಡುತ್ತಿಲ್ಲ ಎಂದ. ಗುಡುಸಾಬ ನೋಡಿದ. ಬಲ್ಬು ಸರಿಯಿತ್ತು, ವೈರೂ ಸರಿಯಿತ್ತು. ಬ್ರೇಕ್ ಆಯಿಲ್‌ನ ಒತ್ತಡಕ್ಕೆ ದೀಪ ಉರಿಸುವ ಸ್ವಿಚ್ಚನ್ನೂ ಬದಲಾಯಿಸಿದ. ಆದರೂ ಮೊದಲ ಸಲ ತುಳಿದಾಗ ದೀಪ ಉರಿಯಲಿಲ್ಲ, ಮತ್ತೆ ತುಳಿದಾಗ ಉರಿಯಿತು. ಕೆಟ್ಟದ್ದು ವೈರಿಂಗ್ ಅಲ್ಲ, ಆಯಿಲ್‌ನ ಒತ್ತಡವೇ ಬರುತ್ತಿರಲಿಲ್ಲ.

"ಲೈಟ್ ಖರೇನ ಹೇಳಾಕತ್ತೈತಿ ಅಮೀರ. ಬ್ರೇಕ್ ಹೋಗೇತಿ. ಶೆಟ್ಟೆಪ್ಪಗ ತೋರ್ಸು," ಎಂದ.

ಬ್ರೇಕಿನ ಶೆಟ್ಟೆಪ್ಪ ಮದುವೆಗೆಂದು ಊರಿಗೆ ಹೋಗಿದ್ದ. ಅವನು ಬರುವವರೆಗೆ ಗಾಡಿ ನಿಲ್ಲಿಸಲು ಅಮೀರಸಾಬ ತಯಾರಿರಲಿಲ್ಲ. ಎರಡು ಸಲ ತುಳಿದರೆ ಹಿಡಿಯುತ್ತದೆ, ತನಗೆ ರೂಢಿಯಾಗಿದೆ ಎಂದು ನಕ್ಕ. ಚಹಾ ತಂದ ಜೈತುನಬಿಯೂ ತಮ್ಮನ ಪರವಾಗಿಯೇ ಮಾತಾಡಿದಳು. ಪೈಪು ಬಿಚ್ಚಿ ನೋಡುವಷ್ಟು ಕೆಲಸ ಗುಡುಸಾಬನಿಗೂ ಬರುತ್ತಿತ್ತು. ಆದರೆ ಶೆಟ್ಟೆಪ್ಪನಿಲ್ಲದಾಗ ಅವನ ಕೆಲಸಕ್ಕೆ ಕೈಹಾಕುವುದು ಹೇಗೆ? ಕೊನೆಗೆ ಪೆಡಲಿಗೇ ಬೇರೆ ಸ್ವಿಚ್ಚು ಕಟ್ಟಿದ. ಇನ್ನು ಒತ್ತಡ ಇರಲಿ ಬಿಡಲಿ, ಕಾಲಿಟ್ಟರೆ ಸಾಕು, ದೀಪ ಉರಿಯುತ್ತಿತ್ತು. ಶೆಟ್ಟೆಪ್ಪ ಬರುವ ತನಕ ಮಾತ್ರ ಎಂದು ಹೇಳಿ ಕಳಿಸಿದ.

ಶೆಟ್ಟೆಪ್ಪ ಬಂದ. ಅಮೀರಸಾಬ ಮಾತ್ರ ಅವನ ಕಡೆ ಸುಳಿಯಲಿಲ್ಲ. ದೀಪ ಉರಿಯುತ್ತಿತ್ತು, ಹವಾಲ್ದಾರ ಸುಮ್ಮನಾಗಿದ್ದ, ಇನ್ನೇನು ಬೇಕು? ಗುಡುಸಾಬ ಸಿಕ್ಕಾಗಲೆಲ್ಲ ನೆನಪಿಸಿದ. ಗಾಡಿ ಕಸಿದು ನಿಲ್ಲಿಸಿಕೊಳ್ಳುವ ಗಟ್ಟಿತನ ಆ ಮನುಷ್ಯನಿಗೆ ಇರಲಿಲ್ಲ. ಮಳೆ ಶುರುವಾದ ವಾರ ಪವಾಯಿಯ ಇಳಿಜಾರಿನಲ್ಲಿ ಟ್ಯಾಕ್ಸಿ ನಿಲ್ಲದೆ ಹೋಗಿ, ಕೆಟ್ಟು ನಿಂತಿದ್ದ ಲಾರಿಯ ಕೆಳಗೆ ಸೇರಿತು. ಅಮೀರಸಾಬ ಅಲ್ಲೇ ಸತ್ತ.

ಅಂದು ಹಿಂದೆ ಬರುತ್ತಿದ್ದ ಟ್ಯಾಕ್ಸಿಯವನು ಅಮೀರಸಾಬನ ಮಣ್ಣಿಗೆ ಬಂದಿದ್ದ. ಕೆಂಪು ದೀಪ ಕಡೆಯವರೆಗೂ ಉರಿಯುತ್ತಿತ್ತು, ಅದನ್ನು ನೋಡಿಯೇ ತಾನು ನಿಲ್ಲಿಸಿ ಬದುಕಿದೆ ಎಂದು ಅತ್ತ. ಜೈತುನಬಿ ಆ ಮಾತನ್ನೇ ಹಿಡಿದುಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿ, ಗಂಡನ ಕಡೆ ತಿರುಗುತ್ತಿದ್ದಳು.

"ನಮ್ಮ ಮನಿಯವ್ರು ಮಾಡಿದ ಕೆಲಸ ಒಂದ ಸುಳ್ಳಾಗಲಿಲ್ಲ ನೋಡ್ರಿ. ಹೌದಲ್ರೀ?"

ಗುಡುಸಾಬ ಹೌದು ಎಂದ. ಯಾರು ಬಂದರೂ ಅವಳು ಕೇಳುತ್ತಾಳೆ, ಅವನು ಹೌದು ಎನ್ನುತ್ತಾನೆ.